ಕಂಬದ ಪಕ್ಕದ ಜಾಗ

ನಮ್ಮ ಮನೆಯಲ್ಲಿ ಯಾರಿಗೂ ಒಂದೇ ಹೊತ್ತಿಗೆ ಹಸಿವಾಗುವುದಿಲ್ಲ. ಅಣ್ಣನಿಗೆ ಬೇಕರಿಯಲ್ಲಿ ಕೆಲಸ. ಊರೆಲ್ಲ ಗೊರಕೆ ಹೊಡೆಯುವಾಗ ಎದ್ದು ಹಿಟ್ಟು ನಾದಲು ಹೋಗುತ್ತಾನೆ, ಮಧ್ಯಾಹ್ನ ರೆಪ್ಪೆಗೆಲ್ಲ ಹಿಟ್ಟು ಮೆತ್ತಿಕೊಂಡು ಬಂದು ಉಂಡು ಮಲಗುತ್ತಾನೆ, ಸಂಜೆ ಏಳುತ್ತಲೇ ಮತ್ತೆ ಹಸಿವು. ಅಮ್ಮ ಬೆಳಕು ಹರಿಯುವ ಮುಂಚೆ ಎದ್ದು ಬಿಸಿನೀರು ಕೇಳುತ್ತಾಳೆ. ಅಣ್ಣನ ಮಗಳಿಗೆ ಬಾಯಿ ಮುಚ್ಚುವುದೇ ಗೊತ್ತಿಲ್ಲ, ಅದಕ್ಕೆ ಎಲ್ಲರೂ ಅವಳನ್ನು ಗಿಣಿ ಅನ್ನುತ್ತೇವೆ. ಪರೀಕ್ಷೆ ಹತ್ತಿರ ಬಂದರೂ ಬರದಿದ್ದರೂ ಅವಳಿಗೆ ಓದಿನ ನಡುವೆ ಟೀ ಬೇಕು. ನಾನು ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಲ್ಲುವವಳು. ಶಟರ್ ಎಳೆದು ಮನೆ ಸೇರುವಷ್ಟರಲ್ಲಿ ಬೀದಿನಾಯಿಗಳೂ ಊಟ ಮುಗಿಸಿರುತ್ತವೆ.

ಇಷ್ಟು ಜನರಲ್ಲಿ ಯಾರು ಯಾವಾಗ ಕರೆದರೂ ಎದ್ದಿರುವ ಜೀವ ಒಂದೇ, ನಮ್ಮ ಅತ್ತಿಗೆ. ಅದರ ನಡುವೆ ಅವಳು ಪರದೆ ಅಂಗಡಿಗೆ ಪರದೆ ಹೊಲಿದುಕೊಡುತ್ತಿದ್ದಳು. ಕಿಟಕಿಯ ಕೆಳಗೆ ಹೊಲಿಗೆ ಯಂತ್ರ, ಕಾಲಬುಡದಲ್ಲಿ ರಾಶಿ ಬಟ್ಟೆ. "ಅತ್ತಿಗೇ" ಅಂದರೆ "ಬಂದೆ" ಅನ್ನುತ್ತಿದ್ದಳು. ಆ "ಬಂದೆ" ನಮಗೆ ಎಷ್ಟು ಅಭ್ಯಾಸವಾಗಿತ್ತೆಂದರೆ, ನಲ್ಲಿ ತಿರುಗಿಸಿದರೆ ನೀರು ಬಂದದ್ದಕ್ಕೆ ಯಾರಾದರೂ ಆಶ್ಚರ್ಯಪಡುತ್ತಾರೆಯೇ, ಹಾಗೆ.

ಅಂಥ ಅತ್ತಿಗೆ ಒಂದು ಸಂಜೆ ಕೈ ಒರೆಸಿಕೊಳ್ಳುತ್ತಾ ಬಂದು, "ಅತ್ತೆ, ಇವತ್ತು ನಿಮ್ಮ ಜೊತೆ ನಾನೂ ಪ್ರಾರ್ಥನೆಗೆ ಬರ್ಲಾ?" ಅಂದಳು.

ನನಗೆ ಅಂದು ರಜೆ. ನಾನೂ ಅಲ್ಲೇ ಇದ್ದೆ. ಅಮ್ಮನ ಕೈಯಲ್ಲಿದ್ದ ಶಾಲು ಕೆಳಗೆ ಬಿತ್ತು. ಮದುವೆಯಾಗಿ ಬಂದಾಗಿನಿಂದ ಅಮ್ಮ ಸೊಸೆಯನ್ನು ಕರೆದೂ ಕರೆದೂ ಸೋತಿದ್ದಳು. ಪ್ರಾರ್ಥನೆ ಮನೆ ನಮ್ಮ ಬೀದಿಯ ತುದಿಯಲ್ಲೇ ಇದೆ. ಅಮ್ಮ ಅಲ್ಲಿ ಮೊದಲನೇ ಬೆಂಚಿನವಳು. ಆ ಜಾಗಕ್ಕಾಗಿ ಅವಳು ಯಾರ್ಯಾರ ಜೊತೆ ಮಾತು ಬಿಟ್ಟಿದ್ದಾಳೆ ಅನ್ನುವುದು ದೇವರಿಗೇ ಗೊತ್ತು, ಅದೂ ಅವನು ಲೆಕ್ಕ ಇಟ್ಟಿದ್ದರೆ.

"ಬಾರೇ ತಾಯಿ! ಕೊನೆಗೂ ಬುದ್ಧಿ ಬಂತಲ್ಲ!" ಅಂದಳು ಅಮ್ಮ.

ಅಣ್ಣ ಆಗಷ್ಟೇ ನಿದ್ದೆಯಿಂದ ಎದ್ದು ತಲೆ ಕೆರೆದುಕೊಳ್ಳುತ್ತಾ ಬಂದ. ಅವನಿಗೂ ದೇವರಿಗೂ ಎಣ್ಣೆ ಸೀಗೆಕಾಯಿ. "ದೇವ್ರು ಇರೋದು ನಿಜ ಆದ್ರೆ ಒಂದಿನ ಬಂದು ಹಿಟ್ಟು ನಾದ್ಲಿ, ಆಮೇಲೆ ನಂಬ್ತೀನಿ" ಅನ್ನುವವನು.

"ನೀನೆಲ್ಲಿಗೆ ಹೊರಟೆ? ಊಟ?"

"ಮುಚ್ಚಿಟ್ಟಿದೀನಿ ರೀ. ಬಿಸಿ ಮಾಡ್ಕೊಂಡ್ರೆ ಆಯ್ತು."

"ಬಿಸಿ ಮಾಡ್ಕೊಳ್ಳೋದಾ? ನಾನಾ?"

ದಿನವಿಡೀ ಭಟ್ಟಿಯ ಬೆಂಕಿಯ ಮುಂದೆ ನಿಲ್ಲುವ ಗಂಡಸು ಮನೆಯ ಒಲೆಯನ್ನು ಹುಲಿಯ ಹಾಗೆ ನೋಡಿದ. ಅತ್ತಿಗೆ ಚಪ್ಪಲಿ ಮೆಟ್ಟಿಕೊಂಡು ಅಮ್ಮನ ಹಿಂದೆ ಇಳಿದು ಹೋದಳು.

ಅಂದಿನಿಂದ ದಿನಾ ಅದೇ ಆಯಿತು. ಬೀದಿಯ ಮೇಲೆ ಬೆಳಕು ಮಾಸುವ ಹೊತ್ತಿಗೆ ಹೊಲಿಗೆ ಯಂತ್ರದ ಸದ್ದು ನಿಲ್ಲುತ್ತಿತ್ತು. ಅರ್ಧ ಹೊಲಿದ ಪರದೆ ಸೂಜಿಯ ಕೆಳಗೇ ಉಳಿದು ಗಾಳಿಗೆ ಮೆಲ್ಲಗೆ ಆಡುತ್ತಿತ್ತು. ಮನೆಯಲ್ಲಿ ಅಣ್ಣ ತಣ್ಣನೆಯ ಆಲೂಗಡ್ಡೆ ತಿನ್ನುತ್ತಾ ಗೊಣಗುತ್ತಿದ್ದ. ಗಿಣಿ ಟೀ ಮಾಡಲು ಹೋಗಿ ಹಾಲು ಉಕ್ಕಿಸುತ್ತಿದ್ದಳು. ನಾನು ಬಂದಾಗ ಮುಚ್ಚಿಟ್ಟ ತಟ್ಟೆ ನನಗಾಗಿ ಕಾದಿರುತ್ತಿತ್ತು, ಸಾರಿನ ಮೇಲೆ ಕೆನೆ ಕಟ್ಟಿಕೊಂಡು.

"ಏನಿದೆ ಅಲ್ಲಿ ಅಂಥದ್ದು?" ಅಂತ ಅಣ್ಣ ಒಂದು ದಿನ ಊಟದ ನಡುವೆ ಕೇಳಿಯೇಬಿಟ್ಟ.

"ಸುಮ್ನೆ, ಚೆನ್ನಾಗಿರುತ್ತೆ."

"ಏನು ಚೆನ್ನಾಗಿರುತ್ತೆ? ಹೇಳಿದ್ದೇ ಹೇಳೋ ಕಿಸಬಾಯಿದಾಸರು."

"ನಾಲಿಗೆ ಬಿಗಿ ಹಿಡಿಯೋ! ನಿನ್ನ ಹೆಂಡ್ತಿಗೆ ಕರೆ ಬಂದಿದೆ. ನಿಂಗೂ ಬರುತ್ತೆ, ಕಾಯ್ತಾ ಇರು" ಅಂದಳು ಅಮ್ಮ.

"ನಂಗೆ ಕರೆ ಬಂದ್ರೆ ನೀವೆಲ್ಲ ಬ್ರೆಡ್ ಬದ್ಲು ಗಾಳಿ ತಿನ್ಬೇಕಾಗುತ್ತೆ."

ಗಿಣಿ ನಕ್ಕು ನೀರು ಉಗುಳಿದಳು. ಅತ್ತಿಗೆ ಮಾತ್ರ ಯಾರ ಮಾತನ್ನೂ ಕೇಳಿಸಿಕೊಳ್ಳಲಿಲ್ಲ. ಅವಳ ಮುಖ ನೋಡಬೇಕಿತ್ತು ನೀವು. ನಾಲ್ಕು ದಿನ ಮಳೆ ಬಂದು ನಿಂತ ಮೇಲೆ ಅಂಗಳ ಕಾಣುತ್ತದಲ್ಲ, ಹಾಗೆ ತೊಳೆದುಕೊಂಡು ನಿಂತಿತ್ತು. ಕಣ್ಣ ಕೆಳಗಿನ ಕಪ್ಪು ತಿಳಿಯಾಗಿತ್ತು. ತಟ್ಟೆ ತೊಳೆಯುತ್ತಾ ಏನೋ ಗುನುಗುತ್ತಿದ್ದಳು.

"ಅಮ್ಮಾ, ನಿನ್ನ ಕೆನ್ನೆ ಮೇಲೆ ಏನದು, ಉದ್ದುದ್ದ ಗೆರೆ?" ಅಂತ ಗಿಣಿ ಕೇಳಿದಳು.

ಅತ್ತಿಗೆ ಕೆನ್ನೆ ಸವರಿಕೊಂಡಳು. "ಏನಿಲ್ಲ, ಕೈ ಊರ್ಕೊಂಡಿದ್ದೆ."

ಅವಳು ಹೋಗುವುದೇಕೆ ಅನ್ನುವುದಕ್ಕೆ ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಉತ್ತರ. ಅಮ್ಮನ ಪ್ರಕಾರ ಕೃಪೆ. ಅಣ್ಣನ ಪ್ರಕಾರ ಅಲ್ಲಿನವರು ತಲೆ ಕೆಡಿಸಿದ್ದಾರೆ. ಗಿಣಿ ಪ್ರಕಾರ ಅಲ್ಲಿ ಹೊಸ ಗೆಳತಿ ಸಿಕ್ಕಿದ್ದಾಳೆ. ನಾನು ಔಷಧಿ ಅಂಗಡಿಯವಳು, ಸಂಕಟ ಬಂದಾಗ ಜನ ಏನೇನು ನುಂಗುತ್ತಾರೆ ಅಂತ ದಿನಾ ನೋಡುತ್ತೇನೆ. ಇವಳಿಗೆ ಏನು ಸಂಕಟವಪ್ಪಾ ಅಂತ ನನಗೆ ಚಿಂತೆ ಹತ್ತಿತು. ಅವಳ ಬಾಯಿಂದಲೇ ಕೇಳಬಹುದಿತ್ತು ಅನ್ನುತ್ತೀರಾ? ನಮ್ಮ ಮನೆಯಲ್ಲಿ ಅತ್ತಿಗೆಯನ್ನು ಏನು ಬೇಕಾದರೂ ಕೇಳುತ್ತಿದ್ದೆವು, ಟೀ, ಸಾಬೂನು, ಬಿಚ್ಚಿಹೋದ ಗುಂಡಿ. ಅವಳ ವಿಷಯ ಮಾತ್ರ ಕೇಳುವ ರೂಢಿ ಇರಲಿಲ್ಲ.

ಮುಂದಿನ ರಜೆಯ ದಿನ ಸಂಜೆ ಅವರ ಹಿಂದೆಯೇ ಹೋದೆ. ಒಳಗೆ ಹೋಗಲಿಲ್ಲ, ಪಕ್ಕದ ಕಿಟಕಿಯ ಬಳಿ ನಿಂತೆ.

ಅಲ್ಲಿನ ಪ್ರಾರ್ಥನೆಯ ರೀತಿಯನ್ನು ಹೇಳಿಬಿಡಬೇಕು. ಎಲ್ಲರೂ ಒಟ್ಟಿಗೆ ಹೇಳುವುದಿಲ್ಲ. ಒಬ್ಬರು ಒಂದು ಸಾಲು ಹೇಳಿದರೆ ಪಕ್ಕದವರು ಮುಂದಿನ ಸಾಲು ಹೇಳಬೇಕು, ಅವರ ಪಕ್ಕದವರು ಅದರ ಮುಂದಿನದು. ಹಾಗೆ ಮೊದಲ ಬೆಂಚಿನಿಂದ ಹೊರಟ ಪ್ರಾರ್ಥನೆ ಒಬ್ಬರಿಂದ ಒಬ್ಬರಿಗೆ ದಾಟುತ್ತಾ ಕೊನೆಯ ಬೆಂಚಿಗೆ ಬಂದು, ಮತ್ತೆ ಮುಂದಕ್ಕೆ ಹೋಗುತ್ತದೆ. ಸಾಲು ಕಡಿಯಬಾರದು. ಯಾರಿಗಾದರೂ ಗಂಟಲು ಕಟ್ಟಿದ್ದರೆ, ಅಳು ಬಂದಿದ್ದರೆ, ಪಕ್ಕದವರು ಅವರದ್ದನ್ನೂ ಸೇರಿಸಿ ಹೇಳುತ್ತಾರೆ. ಯಾಕೆ ಅಂತ ಯಾರೂ ಕೇಳುವುದಿಲ್ಲ.

"ಬಾವಿಯಲ್ಲಿ ನೀರು ಬತ್ತದಿರಲಿ" ಅಂತು ಒಂದು ಮುದಿ ದನಿ. "ಒಲೆಯಲ್ಲಿ ಬೆಂಕಿ ಆರದಿರಲಿ" ಅಂತು ಪಕ್ಕದ್ದು. ದೀಪದ ಹಳದಿ ಬೆಳಕು, ಮೇಣದ ವಾಸನೆ, ಬೆಂಚಿನ ಮರದ ಕಿರುಗುಟ್ಟುವಿಕೆ. ದನಿಗಳು ಒಂದರ ಹಿಂದೊಂದು ಸಣ್ಣಗೆ ಹರಿದು ಬರುತ್ತಿದ್ದವು. ಕಿಟಕಿಗೆ ಒರಗಿ ನಿಂತ ನನಗೇ ಮೈ ಹಗುರಾಗಿ, ನಾನೆಲ್ಲಿದ್ದೇನೆ ಅನ್ನುವುದು ಮರೆತುಹೋಯಿತು. ಚಿಕ್ಕಂದಿನಲ್ಲಿ ಪಕ್ಕದ ಕೋಣೆಯಲ್ಲಿ ದೊಡ್ಡವರು ಮಾತಾಡುತ್ತಿದ್ದರೆ, ಮಾತು ಅರ್ಥವಾಗದಿದ್ದರೂ ಭಯ ಹೋಗುತ್ತಿತ್ತಲ್ಲ, ಅಂಥದ್ದು.

ಅಮ್ಮ ಮೊದಲ ಬೆಂಚಿನಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಮೊದಲ ಬೆಂಚಿನವರು ಹಿಂದಿರುಗಿ ನೋಡುವುದು ಅವರ ಘನತೆಗೆ ಕಡಿಮೆ. ಅತ್ತಿಗೆ ಕಟ್ಟಕಡೆಯ ಬೆಂಚಿನಲ್ಲಿ, ಕಂಬದ ಪಕ್ಕದಲ್ಲಿ ಇದ್ದಳು. ಗೆರೆಗೆರೆ ಕೆತ್ತಿದ ಹಳೆಯ ಕಲ್ಲುಕಂಬ. ಅದಕ್ಕೆ ತಲೆ ಆನಿಸಿ, ಕಣ್ಣು ಮುಚ್ಚಿ, ಅಂಗೈ ಮೇಲೆ ಅಂಗೈ ಇಟ್ಟು ಕೂತಿದ್ದಳು. ಅಷ್ಟು ನಿರಾಳವಾದ ಮುಖವನ್ನು ನಾನು ನಮ್ಮ ಮನೆಯಲ್ಲಿ ಯಾವತ್ತೂ ಕಂಡಿರಲಿಲ್ಲ. ನನ್ನ ಕರುಳು ಕರಗಿಹೋಯಿತು.

ಮನೆಗೆ ಓಡಿ ಬಂದು ಅಣ್ಣನಿಗೆ ಹೇಳಿದೆ. "ಅಣ್ಣಾ, ನೀನು ಅವ್ರನ್ನ ಆಡ್ಕೋಬೇಡ. ಕಣ್ಮುಚ್ಚಿ ಕೂತಿದ್ದು ನೋಡ್ಬೇಕಿತ್ತು. ಲೋಕದ ಪರಿವೆಯೇ ಇಲ್ಲ. ಭಕ್ತಿ ಅಂದ್ರೆ ಅದು ಕಣೋ."

ಅಣ್ಣ ಬ್ರೆಡ್ಡಿನ ಚೂರು ಸಾರಿನಲ್ಲಿ ಅದ್ದಿ ಸುಮ್ಮನೆ ಹಿಡಿದುಕೊಂಡ. ಅದು ಕರಗಿ ಬಟ್ಟಲಿಗೆ ಬಿತ್ತು. "ಅಷ್ಟೊಂದಾ?" ಅಂದ. ಅವನಿಗೆ ದೇವರ ಮೇಲೆ ನಂಬಿಕೆ ಇರಲಿಲ್ಲ, ಹೆಂಡತಿಯ ಮೇಲೆ ಪ್ರೀತಿ ಇತ್ತು. ಎರಡೂ ಸೇರಿ ಅವನ ಕೈಯಲ್ಲಿ ಎಂಥ ಕೆಲಸ ಮಾಡಿಸಿದವು ನೋಡಿ.

ಅದೇ ವಾರ ಪ್ರಾರ್ಥನೆ ಮನೆಯ ಛಾವಣಿಯಿಂದ ಒಂದು ಹೆಂಚು ಬಿದ್ದು, ಸ್ವಲ್ಪದರಲ್ಲಿ ಒಬ್ಬರ ತಲೆ ಉಳಿಯಿತು. ರಿಪೇರಿ ಆಗುವ ತನಕ ಬಾಗಿಲು ಹಾಕಬೇಕೆಂದು ಅಲ್ಲಿನ ಹಿರಿಯರು ಹೇಳಿದರು. ಅಮ್ಮ ಸಪ್ಪೆ ಮುಖ ಮಾಡಿಕೊಂಡು ಬಂದಳು. ಅತ್ತಿಗೆ ಅಂದು ಸಾರಿಗೆ ಉಪ್ಪು ಹಾಕುವುದನ್ನು ಮರೆತಳು.

ಮಾರನೆಯ ಮಧ್ಯಾಹ್ನ ಅಣ್ಣ ಹಿಟ್ಟಿನ ಮುಖದಲ್ಲೇ ಹಿರಿಯರನ್ನು ಕಂಡು ಬಂದ. ಬಂದವನು ಮದುಮಗನ ಹಾಗೆ ಬೀಗುತ್ತಾ ನಿಂತ.

"ನಾಳೆಯಿಂದ ಪ್ರಾರ್ಥನೆ ನಮ್ಮನೇಲೇ! ಮುಂದಿನ ಕೋಣೆ ಬಿಟ್ಕೊಡ್ತೀನಿ ಅಂತ ಹೇಳಿ ಬಂದಿದೀನಿ. ಛಾವಣಿ ಆಗೋವರ್ಗೂ ದಿನಾ ಇಲ್ಲೇ."

ಅಮ್ಮ ಎದ್ದು ಮಗನ ಹಣೆಗೆ ಮುತ್ತಿಟ್ಟಳು, ಅವಳ ಮೂಗಿಗೂ ಹಿಟ್ಟು ಅಂಟಿತು. "ನನ್ನ ಹೊಟ್ಟೇಲಿ ಹುಟ್ಟಿದ್ದು ಸಾರ್ಥಕ ಮಾಡ್ದೆ ಕಣೋ!"

ಅಣ್ಣ ನೋಡುತ್ತಿದ್ದದ್ದು ಅತ್ತಿಗೆಯನ್ನು. "ಏನೇ, ಖುಷಿ ಆಗ್ಲಿಲ್ವಾ? ನಿಂಗೋಸ್ಕರ ಕಣೇ ಮಾಡಿದ್ದು."

"ಇಲ್ಲೇನಾ?" ಅಂದಳು ಅತ್ತಿಗೆ. "ನಮ್ಮನೇಲಾ?"

"ಹೂಂ. ಇನ್ಮೇಲೆ ನೀನು ಎಲ್ಲೂ ಹೋಗೋದೇ ಬೇಡ."

"ಬೇಡ ರೀ. ಎಲ್ಲಾರ್ಗೂ ತೊಂದ್ರೆ."

"ಎಂಥ ತೊಂದ್ರೆ? ನೋಡಿ ಎಷ್ಟು ಸಂಕೋಚ ಇವಳಿಗೆ" ಅಂತ ಅಮ್ಮ ಅವಳ ಗಲ್ಲ ಹಿಡಿದಳು. ಅತ್ತಿಗೆಯ ಕಣ್ಣಲ್ಲಿ ನೀರು ತುಂಬಿತು. ಆನಂದಬಾಷ್ಪ ಅಂದುಕೊಂಡೆವು. ನಮ್ಮ ಜಾಣತನಕ್ಕೆ ಬೆಂಕಿ ಹಾಕ.

ಹೀಗೆ ದೇವರು ನಮ್ಮ ಮನೆಗೆ ಬಂದ. ಅವನೊಬ್ಬನೇ ಬಂದಿದ್ದರೆ ಹೇಗೋ ಆಗುತ್ತಿತ್ತು, ಬೀದಿಯನ್ನೆಲ್ಲ ಕರೆದುಕೊಂಡು ಬಂದ. ಮಧ್ಯಾಹ್ನದಿಂದಲೇ ಕೋಣೆ ಗುಡಿಸಬೇಕು, ಮೇಜು ಹೊರಗೆ ಹಾಕಬೇಕು, ಅಕ್ಕಪಕ್ಕದ ಮನೆಗಳಿಂದ ಕುರ್ಚಿ ತರಬೇಕು. ಹೊಲಿಗೆ ಯಂತ್ರ ಅಡುಗೆಮನೆಯ ಮೂಲೆ ಸೇರಿತು. ಪ್ರಾರ್ಥನೆ ಮನೆಯಲ್ಲಿ ಟೀ ಇರಲಿಲ್ಲ. ಇದು ಸಂಸಾರಸ್ಥರ ಮನೆ, ಬಂದವರನ್ನು ಬರಿಬಾಯಲ್ಲಿ ಕಳಿಸುವುದುಂಟೇ? ಅಮ್ಮ ಬಾಗಿಲಲ್ಲಿ ನಿಂತು ರಾಣಿಯ ಹಾಗೆ ಸ್ವಾಗತಿಸುತ್ತಿದ್ದಳು. ಅಣ್ಣ ಬೇಕರಿಯಿಂದ ಬನ್ನು ತರುತ್ತಿದ್ದ. ಒಳಗೆ ಅತ್ತಿಗೆ ಲೋಟದ ಮೇಲೆ ಲೋಟ ತೊಳೆಯುತ್ತಿದ್ದಳು.

"ಒಲೆಯಲ್ಲಿ ಬೆಂಕಿ ಆರದಿರಲಿ" ಅಂತ ಹೊರಗಿನ ಕೋಣೆಯಲ್ಲಿ ದನಿ ದಾಟುವಾಗ ಒಳಗೆ ಒಲೆಯ ಮೇಲೆ ದೊಡ್ಡ ಪಾತ್ರೆ ಕೊತಕೊತ ಕುದಿಯುತ್ತಿತ್ತು. ಅಂಥ ಪ್ರಾರ್ಥನೆಗೆ ಅಷ್ಟು ಬೇಗ ಫಲ ಸಿಕ್ಕಿದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ಅತ್ತಿಗೆಯ ಮುಖ ದಿನದಿನಕ್ಕೆ ಮಸುಕಾಯಿತು. ಪರದೆಯ ಎರಡೂ ಅಂಚನ್ನು ಸೇರಿಸಿ ಹೊಲಿದು, ಚೀಲ ಮಾಡಿಟ್ಟಳು. ಪರದೆ ಅಂಗಡಿಯವನು ಬಂದು, "ಏನಮ್ಮಾ, ಕಿಟಕಿಗೆ ದಿಂಬಿನ ಗವಸಾ?" ಅಂತ ನಕ್ಕು ಬಟ್ಟೆ ವಾಪಸು ಕೊಟ್ಟ. ಇನ್ನೊಮ್ಮೆ ಹೀಗಾದರೆ ಬೇರೆಯವರಿಗೆ ಕೊಡುತ್ತೇನೆ ಅನ್ನುವುದನ್ನೂ ನಗುನಗುತ್ತಲೇ ಹೇಳಿ ಹೋದ. ಅವಳು ಕೂತು ಹೊಲಿಗೆ ಬಿಚ್ಚತೊಡಗಿದಳು. ಬಿಚ್ಚುತ್ತಾ ಬಿಚ್ಚುತ್ತಾ ಕತ್ತರಿ ಕೈಯಲ್ಲೇ ನಿಂತುಬಿಡುತ್ತಿತ್ತು, ಕಣ್ಣು ಎಲ್ಲೋ ದೂರ ಹೋಗಿರುತ್ತಿತ್ತು.

"ಅಮ್ಮಂಗೆ ಧ್ಯಾನ ಹತ್ತಿದೆ" ಅಂದಳು ಗಿಣಿ.

ಒಂದು ಸಂಜೆ ನಾನು ಅಂಗಡಿಯಿಂದ ಬೇಗ ಬಂದೆ. ಕೋಣೆ ತುಂಬಿತ್ತು. ಅತ್ತಿಗೆ ಟೀ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ, ಚೌಕಟ್ಟಿಗೆ ಒರಗಿ ನಿಂತಿದ್ದಳು, ಪ್ರಾರ್ಥನೆ ಮುಗಿದ ಮೇಲೆ ಕೊಡಲೆಂದು. ಹಿರಿಯರಿಗೆ ಏನನ್ನಿಸಿತೋ, "ಈವತ್ತು ಮನೆಯೊಡತಿಯೂ ಒಂದು ಸಾಲು ಹೇಳಲಿ" ಅಂದರು. ಸಾಲು ಕುರ್ಚಿಯಿಂದ ಕುರ್ಚಿಗೆ ದಾಟಿತು. ಬಾಗಿಲ ಹತ್ತಿರ ಕೂತ ಮುದುಕರು, "ಬಾವಿಯಲ್ಲಿ ನೀರು ಬತ್ತದಿರಲಿ" ಅಂದು ಅತ್ತಿಗೆಯ ಕಡೆ ತಿರುಗಿದರು.

ಎಲ್ಲರೂ ಕಾದರು. ಅತ್ತಿಗೆ ಕಣ್ಣು ಮುಚ್ಚಿ ನಿಂತೇ ಇದ್ದಳು. ತಟ್ಟೆ ಮೆಲ್ಲಗೆ ವಾಲುತ್ತಿತ್ತು.

"ಹೇಳೇ!" ಅಂತ ಅಮ್ಮ ಮುಂದಿನಿಂದ ಪಿಸುಗುಟ್ಟಿದಳು.

ಅತ್ತಿಗೆ ಬೆಚ್ಚಿ ಕಣ್ಣು ಬಿಟ್ಟಳು. "ಬಂದೆ ಅತ್ತೆ! ಆಯ್ತು, ಬಂದೆ, ಹಾಲು ಇಳಿಸಿ ಬಂದೆ!"

ತಟ್ಟೆ ಕೈಜಾರಿತು. ಲೋಟಗಳು ಉರುಳಿ, ಟೀ ಕುರ್ಚಿಗಳ ಕಾಲ ಸಂದಿಯಲ್ಲೆಲ್ಲ ಹರಿಯಿತು. ಜನ ಗೊಳ್ಳೆಂದು ನಕ್ಕರು. ನಗದೆ ಇದ್ದವಳು ಒಬ್ಬಳೇ, ಪ್ರಾರ್ಥನೆ ಮನೆಯಲ್ಲಿ ಅತ್ತಿಗೆಯ ಪಕ್ಕ ಕೂರುತ್ತಿದ್ದ ದಪ್ಪ ಕನ್ನಡಕದ ಮುದುಕಿ. ಅವಳನ್ನು ಕನ್ನಡಕದಮ್ಮ ಅನ್ನುತ್ತಾರೆ. ಅವಳು ಕೂತಲ್ಲಿಂದಲೇ, "ಒಲೆಯಲ್ಲಿ ಬೆಂಕಿ ಆರದಿರಲಿ" ಅಂತ ಅತ್ತಿಗೆಯ ಸಾಲು ಹೇಳಿ, ತಾನೇ ಬಟ್ಟೆ ತಂದು ನೆಲ ಒರೆಸಲು ಕೂತಳು.

ಜನ ಹೋದ ಮೇಲೆ ಅಮ್ಮ ಸಿಡಿದಳು. "ಮಾನ ಹೋಯ್ತು! ದೇವರ ಮುಂದೆ ನಿಂತ್ಕೊಂಡು ತೂಕಡಿಸೋದಾ? ಕನ್ನಡಕದಮ್ಮ ಹೋಗ್ತಾ ಏನಂದ್ಲು ಗೊತ್ತಾ? 'ಪಾಪ, ಅಲ್ಲಿದ್ರೆ ಹಾಯಾಗಿ ಮಲಗ್ತಿತ್ತು ಮಗು' ಅಂತೆ! ಏನೇ ಅದರ ಅರ್ಥ?"

ಅತ್ತಿಗೆ ಒದ್ದೆ ಲೋಟ ಒರೆಸುತ್ತಿದ್ದಳು. ಕೆಳಗಿಟ್ಟಳು.

"ಅದರ ಅರ್ಥ ಅದೇ ಅತ್ತೆ. ನಾನು ಅಲ್ಲಿ ಹೋಗ್ತಿದ್ದದ್ದು ಮಲಗೋಕೆ."

ಗಿಣಿ ಕೂಡ ಬಾಯಿ ಮುಚ್ಚಿದಳು ಅಂದರೆ ನೀವೇ ಊಹಿಸಿ.

"ಅವತ್ತು ನಿಮ್ಮ ಕೊಡೆ ಕೊಡೋಕೆ ಪ್ರಾರ್ಥನೆ ಮನೆಗೆ ಬಂದಿದ್ದೆ. ಬಿಟ್ಟೂ ಬಿಟ್ಟೂ ಮಳೆ. ಹಿಂದೆ ಕೂತೆ, ಕಂಬಕ್ಕೆ ಒರಗಿದೆ. ಎಚ್ಚರ ಆದಾಗ ಎಲ್ಲಾ ಮುಗ್ದಿತ್ತು. ಅಷ್ಟು ಹೊತ್ತೂ ಯಾರೂ ನನ್ನ ಕರೀಲಿಲ್ಲ ಅತ್ತೆ. ಮದುವೆ ಆದ್ಮೇಲೆ ಅದೇ ಮೊದಲು. ಅದಕ್ಕೇ ಮಾರನೇ ದಿನ ಬರ್ಲಾ ಅಂತ ಕೇಳಿದ್ದು."

"ಹಂಗಾದ್ರೆ ಇಷ್ಟು ದಿನ ನಿನ್ನ ಸಾಲು?"

"ಕನ್ನಡಕದಮ್ಮ ಹೇಳ್ತಿದ್ರು."

"ಕಳ್ಳಾಟ! ದೇವರ ಮನೇಲಿ ಕಳ್ಳಾಟ! ನಾನು ಎಲ್ಲಾರ ಮುಂದೆ ನನ್ನ ಸೊಸೆ, ನನ್ನ ಸೊಸೆ ಅಂತ ಹೇಳ್ಕೊಂಡು..."

"ನೀವ್ಯಾಕೆ ಹೋಗ್ತೀರಿ ಅತ್ತೆ?" ಅಂದಳು ಅತ್ತಿಗೆ. ಸಿಟ್ಟಿರಲಿಲ್ಲ ಅದರಲ್ಲಿ, ನಿಜವಾಗಿ ಕೇಳಿದ್ದು.

"ಯಾಕೆ ಅಂದ್ರೆ? ಭಕ್ತಿ!" ಅಂದಳು ಅಮ್ಮ. ಆದರೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅಣ್ಣ ತಲೆ ಮೇಲೆ ಕೈ ಹೊತ್ತು ಕೂತಿದ್ದ. "ನಿದ್ದೆ ಬೇಕು ಅಂತ ನಂಗೆ ಒಂದು ಮಾತು ಹೇಳ್ಬಾರ್ದಿತ್ತಾ? ನಾನು ಬೇಡ ಅಂತಿದ್ನೇನೇ? ನಾಳೆ ರಜೆ, ಮನೇಲೇ ಮಲಗು. ಇಡೀ ದಿನ ಮಲಗು. ಯಾರು ಎಬ್ಬಿಸ್ತಾರೋ ನೋಡ್ತೀನಿ."

ಮಾರನೆಯ ದಿನ ಅವಳನ್ನು ಬಲವಂತವಾಗಿ ಮಲಗಿಸಿದೆವು. ಕಿಟಕಿಗೆ ಅವಳೇ ಹೊಲಿದ ಪರದೆ ಎಳೆದು, ಎಲ್ಲರೂ ಬೆಕ್ಕಿನ ಹೆಜ್ಜೆ ಹಾಕಿದೆವು. ಅಣ್ಣ ಅಡುಗೆಗೆ ನಿಂತ. ಸ್ವಲ್ಪ ಹೊತ್ತಿಗೇ ಕೋಣೆಯ ಬಾಗಿಲು ಸಂದು ಬಿಟ್ಟುಕೊಂಡಿತು.

"ಏಳ್ಬೇಡ, ಏಳ್ಬೇಡ. ಉಪ್ಪಿನ ಡಬ್ಬಿ ಎಲ್ಲಿದೆ ಅಂತ ಹೇಳು ಸಾಕು."

ಆಮೇಲೆ ಗಿಣಿ. "ಅಮ್ಮಾ, ನೀನು ಮಲಗಿರು. ನನ್ನ ನೀಲಿ ಅಂಗಿ ಒಣಗಿದೆಯಾ?"

ಆಮೇಲೆ ನಾನು. ಸುಳ್ಳೇಕೆ ಹೇಳಲಿ, ನಾನೂ ಹೋದೆ. ಪರದೆ ಅಂಗಡಿಯವನು ಬಾಗಿಲಿಗೆ ಬಂದಿದ್ದ. ಕೊನೆಗೆ ಅಡುಗೆಮನೆಯಿಂದ ಸೀದ ವಾಸನೆ ಬಂತು. ಅಣ್ಣ "ಏನೂ ಆಗಿಲ್ಲ, ಏನೂ ಆಗಿಲ್ಲ!" ಅಂತ ಎಷ್ಟು ಜೋರಾಗಿ ಕೂಗಿದನೆಂದರೆ ಅತ್ತಿಗೆ "ಬಂದೆ" ಅಂತ ಎದ್ದು ಬಂದು ಪಾತ್ರೆ ಇಳಿಸಿದಳು. ಊರಿಗೆಲ್ಲ ಬ್ರೆಡ್ಡು ಸುಡುವ ಗಂಡಸು ಬೇಳೆ ಸುಟ್ಟು, ಚಮಚ ಹಿಡಿದು ನಿಂತಿದ್ದ. "ನಮ್ಮ ಕೈಲಿ ನಿಂಗೆ ನಿದ್ದೆ ಕೊಡೋಕೂ ಆಗಲ್ವಲ್ಲೇ" ಅಂದ. ಅವನ ಕಣ್ಣು ಒದ್ದೆಯಾಗಿದ್ದು ಹೊಗೆಯಿಂದಲೋ ಏನೋ, ನಾನು ಕೇಳಲಿಲ್ಲ. ಅಂದಿನಿಂದ ಬೆಳಗಿನ ಬಿಸಿನೀರು ನನ್ನ ಪಾಲಿಗೆ ಬಂತು, ಗಿಣಿಯ ಟೀ ಗಿಣಿಗೆ. ಅಣ್ಣ ಮೊಟ್ಟೆ ಬೇಯಿಸುವುದನ್ನು ಕಲಿತ. ಆದರೂ ಈ ಗೋಡೆಗಳ ಒಳಗೆ ಅತ್ತಿಗೆಯ ಕಿವಿ ಮಲಗುತ್ತಿರಲಿಲ್ಲ. ಎಲೆ ಬಿದ್ದರೂ ಅವಳಿಗೆ ಯಾರೋ ಕರೆದ ಹಾಗೆ.

ನಮ್ಮ ಮನೆಯ ಪ್ರಾರ್ಥನೆ ಕನ್ನಡಕದಮ್ಮನ ಮನೆಗೆ ಹೋಯಿತು. ಅಮ್ಮ ಸೊಸೆಯ ಜೊತೆ ಮಾತು ಬಿಟ್ಟಳು. ಇಬ್ಬರೂ ಒಂದೇ ಅಡುಗೆಮನೆಯಲ್ಲಿ ಒಬ್ಬರ ಸುತ್ತ ಒಬ್ಬರು ತಿರುಗುತ್ತಾ, ಮಾತೆಲ್ಲ ನನ್ನ ಮೂಲಕ ಆಡಿಸಿದರು. "ಅವಳಿಗೆ ಹೇಳು, ಈರುಳ್ಳಿ ಕೊಳೀತಿದೆ." "ನಿಮ್ಮಮ್ಮಂಗೆ ಹೇಳಿ, ಬಿಸಿಲಿಗೆ ಹಾಕಿದೀನಿ." ನಾನೇನು ಅಂಚೆಪೆಟ್ಟಿಗೆಯೇ? ರೇಗಿ ಹೋಯಿತು.

ಒಂದು ಮಧ್ಯಾಹ್ನ ಅವರಿಬ್ಬರೇ ಕೂತು ಬೀನ್ಸ್ ನಾರು ತೆಗೆಯುತ್ತಿದ್ದರು. ನಾನು ಒಳಗೆ ಜಡೆ ಹೆಣೆದುಕೊಳ್ಳುತ್ತಿದ್ದೆ. ಹೊರಗೆ ಬಿಸಿಲು ಸೋರಿದ ಹಾಗೆ ಬಿದ್ದಿತ್ತು, ಬೀದಿಯಲ್ಲಿ ಒಂದೂ ಸದ್ದಿಲ್ಲ. ಆ ಮಂಪರಿನಲ್ಲಿ ಅಮ್ಮ ಇದ್ದಕ್ಕಿದ್ದಂತೆ ಶುರುಮಾಡಿದಳು, ಬೀನ್ಸಿಗೆ ಹೇಳುವ ಹಾಗೆ.

"ಯಾಕೆ ಹೋಗ್ತೀರಿ ಅಂದ್ಯಲ್ಲ. ನಿಮ್ಮ ಮಾವ ತೀರ್ಕೊಂಡ್ಮೇಲೆ ಹೋಗೋಕೆ ಶುರು ಮಾಡಿದ್ದು. ಈ ಮನೇಲಿ ನಾನು ಒಂದು ಮಾತು ಆಡಿದ್ರೆ ಅದು ಅಲ್ಲೇ ಬೀಳುತ್ತೆ. ಮಗ ನಿದ್ದೇಲಿರ್ತಾನೆ, ಮಗಳು ಅಂಗಡೀಲಿ, ನೀನು ಯಂತ್ರ ತುಳೀತಿರ್ತೀಯ. ಅಲ್ಲಿ ನಾನು ಒಂದು ಸಾಲು ಹೇಳಿದ್ರೆ ಪಕ್ಕದವಳು ತಕ್ಷಣ ಎತ್ಕೋತಾಳೆ. ಒಂದಿನಾನೂ ನನ್ನ ಮಾತು ಕೆಳಗೆ ಬಿದ್ದಿಲ್ಲ ಅಲ್ಲಿ." ಒಂದು ನಾರು ಎಳೆದು ಬಿಸಾಕಿದಳು. "ಭಕ್ತಿ ಅಂದೆ ಅವತ್ತು. ಭಕ್ತೀನೂ ಇದೆ ಬಿಡು. ಇಲ್ಲ ಅಂತಲ್ಲ."

ಅತ್ತಿಗೆ ಒಂದು ಬೀನ್ಸ್ ಮುರಿದು ನೋಡಿ, "ಈ ಬೀನ್ಸ್ ಬಲಿತಿದೆ ಅಲ್ವಾ ಅತ್ತೆ?" ಅಂದಳು.

"ಬಲಿತಿದೆ. ತಂದವನಿಗೆ ಕಣ್ಣಿಲ್ಲ" ಅಂದಳು ಅಮ್ಮ. ತಂದವನು ಅಣ್ಣ. ಇಬ್ಬರೂ ನಕ್ಕರು. ನನಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ಛಾವಣಿ ರಿಪೇರಿ ಮುಗಿದು ಪ್ರಾರ್ಥನೆ ಮನೆ ಮತ್ತೆ ತೆರೆಯುವ ದಿನ ಬಂತು. ಅಮ್ಮ ಶಾಲು ಹೊದ್ದು ತಯಾರಾದಳು. ಅತ್ತಿಗೆ ಯಂತ್ರದ ಮುಂದಿನಿಂದ ಏಳಲಿಲ್ಲ.

"ಹೊತ್ತಾಯ್ತು, ಬಾರೇ."

"ನಾನ್ಯಾಕೆ ಅತ್ತೆ. ಎಲ್ಲಾರ್ಗೂ ಗೊತ್ತಾಗಿದೆ, ಮಲಗೋಕೆ ಬರ್ತಾಳೆ ಅಂತ. ಇನ್ನು ಹೆಂಗೆ ಮುಖ ತೋರಿಸ್ಲಿ?"

"ಬಾ ಅಂದ್ರೆ ಬಾ."

"ನಿಮ್ಗೂ ಅವಮಾನ."

"ಅವಮಾನ ಆಗೋದು ನಂಗೆ. ಅದನ್ನ ನಾನು ನೋಡ್ಕೋತೀನಿ. ಚಪ್ಪಲಿ ಹಾಕ್ಕೋ."

ಅಣ್ಣ ಒಲೆಯ ಬಳಿಯಿಂದ ಚಮಚ ಆಡಿಸಿ, "ಹೋಗು ಹೋಗು, ಮೊಟ್ಟೆ ನನ್ನ ಮಾತು ಕೇಳುತ್ತೆ ಈಗ" ಅಂದ. ಅತ್ತಿಗೆ ಎದ್ದಳು. ನಾನೂ ಹೊರಟೆ. ಏನಾಗುತ್ತೋ ನೋಡದಿದ್ದರೆ ನನಗೆ ಊಟ ಸೇರುತ್ತಿರಲಿಲ್ಲ.

ಹೊಸ ಹೆಂಚಿನ ಕೆಳಗೆ ಅದೇ ಹಳದಿ ಬೆಳಕು, ಅದೇ ಮೇಣದ ವಾಸನೆ. ಮೊದಲ ಬೆಂಚಿನಲ್ಲಿ ಅಮ್ಮನ ಜಾಗ ಖಾಲಿ ಇತ್ತು. ಅಮ್ಮ ನಡುವಿನ ದಾರಿಯಲ್ಲಿ ಅರ್ಧ ಹೋಗಿ ನಿಂತಳು. ಹಿಂದೆ ತಿರುಗಿದಳು. ಅಷ್ಟೂ ಜನ ನೋಡುತ್ತಿದ್ದಂತೆ ನಡೆದು ಬಂದು, ಕಟ್ಟಕಡೆಯ ಬೆಂಚಿನ ಬಳಿ, "ಸ್ವಲ್ಪ ಸರಿ" ಅಂದಳು. ಕನ್ನಡಕದಮ್ಮ ಸರಿದಳು. ಅಮ್ಮ ಅವಳಿಗೂ ಅತ್ತಿಗೆಗೂ ನಡುವೆ ಕೂತಳು. ಅತ್ತಿಗೆಗೆ ಕಂಬದ ಪಕ್ಕದ ಜಾಗವೇ ಸಿಕ್ಕಿತು, ನಾನು ಕಂಬದ ಆಚೆ ಬದಿಯಲ್ಲಿ ಕೂತೆ. ಯಾರೋ ಮುಂದಿನಿಂದ ತಿರುಗಿ ಮುಸಿಮುಸಿ ನಕ್ಕರು. ಅಮ್ಮ ಒಂದು ನೋಟ ನೋಡಿದಳು. ಆ ನೋಟ ನನಗೆ ಚಿಕ್ಕಂದಿನಿಂದ ಗೊತ್ತು. ನಕ್ಕವರ ಕತ್ತು ತಾನಾಗಿ ಮುಂದಕ್ಕೆ ತಿರುಗಿತು.

ಸಾಲು ಹೊರಟಿತು. ಒಬ್ಬರಿಂದ ಒಬ್ಬರಿಗೆ, ಬೆಂಚಿನಿಂದ ಬೆಂಚಿಗೆ, ಸಣ್ಣಗೆ, ಅವಸರವಿಲ್ಲದೆ. ಅತ್ತಿಗೆ ಮೊದಲು ಕಣ್ಣು ಅಗಲಿಸಿ ಅಗಲಿಸಿ ಕೂತಳು, ಮಲಗಲೇಬಾರದು ಅನ್ನುವ ಹಟದಲ್ಲಿ. ಆಮೇಲೆ ರೆಪ್ಪೆ ಒಂದು ಸಲ ಇಳಿಯಿತು, ಎದ್ದಿತು, ಮತ್ತೆ ಇಳಿಯಿತು. ತಲೆ ಕಂಬದ ಕಡೆ ವಾಲಿತು. ಅಮ್ಮ ಕೈ ಚಾಚಿ ಆ ತಲೆಯನ್ನು ಮೆಲ್ಲಗೆ ತನ್ನ ಕಡೆಗೆ ತಂದು ಭುಜಕ್ಕೆ ಆನಿಸಿಕೊಂಡಳು, ಶಾಲಿನ ಅಂಚು ಎಳೆದು ಅವಳ ಕೆನ್ನೆಯ ಕೆಳಗೆ ತೂರಿಸಿದಳು.

"ಆ ಕಂಬ ಕೆನ್ನೆಗೆ ಒತ್ತುತ್ತೆ" ಅಂದಳು ನನಗೆ, ನಾನು ಏನೂ ಕೇಳದಿದ್ದರೂ.

ಸಾಲು ಕೊನೆಯ ಬೆಂಚಿಗೆ ಬಂತು. ಕನ್ನಡಕದಮ್ಮ ತನ್ನದು ಹೇಳಿ ಅಮ್ಮನ ಕಡೆ ನೋಡಿದಳು.

"ಬಿತ್ತಿದ ಕಾಳು ಮೊಳೆಯಲಿ" ಅಂದಳು ಅಮ್ಮ. ಅದು ಅವಳ ಸಾಲು. ಮುಂದಿನದು ಅತ್ತಿಗೆಯದು. ಕನ್ನಡಕದಮ್ಮನಿಗೆ ರೂಢಿ, ಬಾಯಿ ತೆರೆದಿದ್ದಳು. ಅಮ್ಮ ಅವಳ ತೊಡೆಯ ಮೇಲೆ ಕೈಯಿಟ್ಟು ತಡೆದಳು.

"ಹೊರಗೆ ಹೋದವರು ಮನೆ ಸೇರಲಿ" ಅಂದಳು, ಭುಜ ಅಲುಗದ ಹಾಗೆ, ದನಿ ತಗ್ಗಿಸಿ. ಆಮೇಲೆ ನನ್ನ ಕಡೆ ಕಣ್ಣು ಬಿಟ್ಟಳು. ಮುಂದಿನ ಸಾಲು ನನ್ನದಂತೆ. ನನಗೆ ಎಲ್ಲಿ ಬರುತ್ತದೆ ಅದು! ಅಮ್ಮ ನಿಟ್ಟುಸಿರು ಬಿಟ್ಟು ನನ್ನದನ್ನೂ ಹೇಳಿದಳು.